ಎಣಿಕೆಗೆ ಬಾರದ ಕಾಳು

ಗೋಧಿ ತಳಿ ಕೇಂದ್ರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಗುಮಾಸ್ತರು ಕೂಡ "ಸಾವಿರದಣ್ಣ, ಇಲ್ಲೊಂದು ಸಹಿ" ಎನ್ನುತ್ತಿದ್ದರು. ಅವರ ಕೆಲಸ ಸಾವಿರ ಕಾಳು ಎಣಿಸುವುದು. ಒಂಬೈನೂರ ತೊಂಬತ್ತೊಂಬತ್ತಲ್ಲ, ಸಾವಿರದ ಒಂದೂ ಅಲ್ಲ. ಅವರು ಎಣಿಸಿ ಕೊಟ್ಟದ್ದನ್ನು ನಾನು ಗಾಜಿನ ಬಾಗಿಲಿನ ತಕ್ಕಡಿಯಲ್ಲಿ ತೂಗಿ, ಎಷ್ಟು ಗ್ರಾಂ ಬಂತೆಂದು ಪುಸ್ತಕದಲ್ಲಿ ಬರೆಯಬೇಕು. ಒಂದೇ ಮೇಜಿನ ಆಚೆ ಈಚೆ ಹನ್ನೊಂದು ವರ್ಷ ಕೂತೆವು. ಅವರ ಬಗ್ಗೆ ಈಗ ಕೇಂದ್ರದಲ್ಲಿ ಹೇಳುವ ಕಥೆ ಬೇರೆ. ಅದು ಸುಳ್ಳು. ಸುಳ್ಳೆಂದು ಗೊತ್ತಿರುವವರು ಇಬ್ಬರೇ. ಒಬ್ಬರು ಅವರು, ಇನ್ನೊಬ್ಬಳು ನಾನು.

ಸಾವಿರ ಕಾಳು ತೂಗುವುದೂ ಒಂದು ಕೆಲಸವೇ ಎಂದು ನನ್ನ ತಮ್ಮ ನಗುತ್ತಾನೆ. ಅವನಿಗೇನು ಗೊತ್ತು. ತಳಿ ಮಾಡುವವರು ಈ ಗೋಧಿಗೂ ಆ ಗೋಧಿಗೂ ಸಂಬಂಧ ಬೆಳೆಸಿ, ಹುಟ್ಟಿದ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಸಾಲು ಸಾಲಾಗಿ ಬಿತ್ತಿ, ನೂರರಲ್ಲಿ ತೊಂಬತ್ತೆಂಟನ್ನು ಎಸೆಯುತ್ತಾರೆ. ಉಳಿದ ಎರಡರಲ್ಲಿ ಯಾವುದು ರೈತರ ಹೊಲಕ್ಕೆ ಹೋಗಬೇಕೆಂಬ ಮಾತು ಬಂದಾಗ ಕಾಳಿನ ತೂಕ ನೋಡುತ್ತಾರೆ. ಕಾಳು ತುಂಬುವ ಹೊತ್ತಿಗೆ ಬಿಸಿಗಾಳಿ ಬೀಸಿದರೆ ಕೆಲವು ತಳಿಗಳು ತಡೆದುಕೊಳ್ಳುತ್ತವೆ. ಕೆಲವು ಅರ್ಧಕ್ಕೇ ಸೊರಗಿ ಜೊಳ್ಳುಕಾಳು ಬಿಡುತ್ತವೆ. ಜೊಳ್ಳಿನಲ್ಲಿ ಸಿಪ್ಪೆಯೇ ಹೆಚ್ಚು, ಹಿಟ್ಟು ಕಡಿಮೆ. ಸಾವಿರ ಕಾಳು ಎಣಿಸಿ ತೂಗಿದರೆ ತಳಿಯ ಬಂಡವಾಳ ಬಯಲಾಗುತ್ತದೆ.

ಅಣ್ಣ ಈ ಮೇಜಿಗೆ ಬಿದ್ದು ಬಂದವರು. ಮಾತಿಗಲ್ಲ, ನಿಜವಾಗಿಯೂ ಬಿದ್ದು. ಮೊದಲು ಅವರು ಹೊಲದ ಕೆಲಸಕ್ಕಿದ್ದರು. ಒಂದು ಸುಗ್ಗಿಯಲ್ಲಿ ತೆನೆಯ ಹೊರೆ ತುಂಬಿದ ಟ್ರಾಕ್ಟರ್ ಗಾಡಿಯ ಮೇಲಿಂದ ಜಾರಿ ಬಿದ್ದು ಮಂಡಿಚಿಪ್ಪು ಒಡೆಯಿತು. ವಾಸಿಯಾದ ಮೇಲೆ ಈ ಕುರ್ಚಿ ಕೊಟ್ಟರು. "ಕಾಲು ಹೋಯ್ತು ಅಂತ ಕೂರಿಸಿದ್ರು, ಕೈ ಇದೆ ಅಂತ ಮನೆಗೆ ಕಳಿಸಲಿಲ್ಲ" ಎಂದು ನಗುತ್ತಿದ್ದರು. ಹಾಗೆ ಕೂತವರು ಮೂವತ್ತೆರಡು ವರ್ಷ ಏಳಲಿಲ್ಲ. ಕೇಂದ್ರ ನೋಡಲು ಬಂದವರು ಯಾರೋ ಒಮ್ಮೆ ಮಕ್ಕಳೆಷ್ಟು ಎಂದು ಕೇಳಿದ್ದಕ್ಕೆ, "ಎರಡು. ಇನ್ನೊಂದ್ಸಲ ಎಣಿಸಿ ಹೇಳ್ಲಾ?" ಎಂದಿದ್ದರು.

ಅವರು ಎಣಿಸುವುದನ್ನು ನೋಡಬೇಕಿತ್ತು. ಕಪ್ಪು ಬಟ್ಟೆ ಅಂಟಿಸಿದ ಹಲಗೆ. ಅದರ ಮೇಲೆ ಒಂದು ಸೌಟು ಗೋಧಿ. ಬಲಗೈಯ ಎರಡು ಬೆರಳು ಐದೈದು ಕಾಳನ್ನು ಹೀಗೆ ಎಳೆದರೆ ಹಾಗೆ ಹೋಗಿ ಗುಂಪು ಸೇರುತ್ತಿತ್ತು. ನೂರರ ಹತ್ತು ಗುಂಪು. ಮಧ್ಯೆ ಯಾರಾದರೂ ಮಾತಾಡಿಸಿದರೆ ಸಿಟ್ಟಾಗದೆ ಎಲ್ಲವನ್ನೂ ಮತ್ತೆ ಕೂಡಿಸಿ ಮೊದಲಿನಿಂದ ಶುರು ಮಾಡುತ್ತಿದ್ದರು. ಮಾತಾಡಿಸಿದವನೇ ನಾಚಿ ಹೋಗುತ್ತಿದ್ದ. ಬಲಗೈ ಎಣಿಸುವಾಗ ಎಡಗೈಯ ಕಿರುಬೆರಳು ಸುಮ್ಮನಿರುತ್ತಿರಲಿಲ್ಲ. ಕಲ್ಲು, ಹೊಟ್ಟು, ಒಡೆದ ಕಾಳು ಕಂಡರೆ ಪಕ್ಕದ ತಗಡಿನ ಡಬ್ಬಿಗೆ ಚಿಮ್ಮುತ್ತಿತ್ತು. ಜೊಳ್ಳು ಕಂಡರೂ ಚಿಮ್ಮುತ್ತಿತ್ತು.

ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿತ್ತು. ಕಾಳನ್ನು ಬಂದ ಹಾಗೆ ಎಣಿಸಬೇಕು, ಕಲ್ಲು ಹೊಟ್ಟು ಒಡಕನ್ನು ಬಿಟ್ಟು ಬೇರೇನನ್ನೂ ತೆಗೆಯಬಾರದು ಎಂದು ಅದರಲ್ಲಿತ್ತು. ಕೆಲಸಕ್ಕೆ ಸೇರಿದ ಮೂರನೆಯ ದಿನವೇ ನಾನದನ್ನು ಓದಿ ಕೇಳಿದೆ. "ಅಣ್ಣ, ಜೊಳ್ಳನ್ನೂ ಎಣಿಸಬೇಕಲ್ವಾ?"

"ತೀರಾ ಉಫ್ ಅಂದ್ರೆ ಹಾರಿಹೋಗೋದನ್ನ ಮಾತ್ರ ತೆಗೀತೀನಿ ತಂಗಿ. ಸೌಟಿಗೆ ಎರಡೋ ಮೂರೋ. ಫೋಟೋ ತೆಗೆಸ್ಕೊಳ್ಳೋವಾಗ ತಲೆ ಬಾಚ್ಕೊಳ್ಳಲ್ವಾ? ಹಾಗೆ. ಎಲ್ಲಾ ತಳಿಗೂ ಬಾಚ್ತೀನಿ. ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಮಾಡಲ್ಲ."

ಅವರ ಸ್ವಭಾವವೇ ಅಂಥದ್ದು. ಮನೆಯಲ್ಲಿ ಬೇಳೆ ಆರಿಸುವ ಕೆಲಸ ಅತ್ತಿಗೆಗೆ ಬಿಟ್ಟುಕೊಟ್ಟವರಲ್ಲ. ಕುಡಿದು ತೂರಾಡುವ ಗೇಟಿನವನ ಮಾತು ಬಂದರೆ "ನಡಿಗೆ ಒಂದು ಸರಿಯಿಲ್ಲ, ಅಷ್ಟೇ" ಎನ್ನುತ್ತಿದ್ದರು. ನಾನು ನಕ್ಕು ಸುಮ್ಮನಾದೆ. ಸುಮ್ಮನಾಗಲು ಇನ್ನೊಂದು ಕಾರಣವೂ ಇತ್ತು, ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಕೋಳಿಗಳಿದ್ದವು. ವಾರದ ಕೊನೆಗೆ ಆ ಡಬ್ಬಿಯನ್ನು ಚೀಲಕ್ಕೆ ಸುರಿದುಕೊಂಡು ಹೋಗುವವಳು ನಾನೇ.

ಎರಡೋ ಮೂರೋ ಇದ್ದದ್ದು ವರ್ಷ ಕಳೆದಂತೆ ಹತ್ತಾಯಿತು, ನೂರಾಯಿತು. ಕೈ ರೂಢಿಯಾದಂತೆ ಕಣ್ಣು ಬೇಡವಾಗುತ್ತದೆ. ಅಣ್ಣನಿಗೆ ತಾನು ಈಗಲೂ ಎರಡು ಮೂರೇ ತೆಗೆಯುತ್ತಿದ್ದೇನೆ ಎಂಬ ನಂಬಿಕೆ. ಡಬ್ಬಿಯ ತೂಕ ಗೊತ್ತಿದ್ದದ್ದು ನನಗೆ. ಎಲ್ಲ ತಳಿಗೂ ಸಮನಾಗಿ ಬಾಚಿದರೆ ಮೋಸವಿಲ್ಲ ಎಂದು ನಾನೂ ನನ್ನನ್ನು ನಂಬಿಸಿಕೊಂಡಿದ್ದೆ. ಎಲ್ಲರ ತಲೆಗೂ ಟೊಪ್ಪಿಗೆ ಹಾಕಿದರೆ ಲಾಭ ಬೋಳುತಲೆಗೆ. ತಲೆ ತುಂಬ ಕೂದಲಿದ್ದವನಿಗೆ ಏನು ಬಂತು? ಇಷ್ಟು ಸಣ್ಣ ಲೆಕ್ಕ ನನ್ನಂಥ ಲೆಕ್ಕದವಳಿಗೆ ಹೊಳೆಯಲಿಲ್ಲ ಎಂದರೆ ಯಾರೂ ನಂಬಬಾರದು.

ಚಿಕ್ಕ ಮೇಡಂ ಬಂದದ್ದು ನನ್ನ ಎಂಟನೆಯ ವರ್ಷದಲ್ಲಿ. ತಳಿ ವಿಭಾಗಕ್ಕೆ ಗುತ್ತಿಗೆಯ ಮೇಲೆ ಬಂದಿದ್ದ ಹೊಸ ವಿಜ್ಞಾನಿ. ದಪ್ಪ ಕನ್ನಡಕ, ಮಣ್ಣು ಮೆತ್ತಿದ ಬೂಟು, ಬಿಸಿಲಿಗೆ ಸುಟ್ಟ ಮೂಗು. ಬಂದ ತಿಂಗಳಲ್ಲೇ ನನ್ನ ಪುಸ್ತಕ ತಿರುವಿ ನೋಡಿ, ನಾಲ್ಕು ಜನರೆದುರು, "ಅಕ್ಕ, ತೂಕದಲ್ಲಿ ಚುಕ್ಕಿ ಆದ್ಮೇಲಿನ ಅಂಕಿ ಬಿಟ್ಟುಬಿಡ್ತಿದೀರಲ್ಲ, ಅದೇ ನಮಗೆ ಮುಖ್ಯ" ಎಂದರು. ದನಿ ಮೆತ್ತಗೇ ಇತ್ತು, ಮಾತು ಸರಿಯಾಗೇ ಇತ್ತು. ಆದರೆ ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಆವತ್ತಿನಿಂದ ಅವರೆಂದರೆ ನನಗೆ ಅಷ್ಟಕ್ಕಷ್ಟೇ.

ಅವರದ್ದೊಂದು ತಳಿ ಇತ್ತು, ನಲವತ್ತೇಳನೆಯ ಸಾಲು. ಕಾಳು ನಡುಗಾತ್ರ, ನೋಡಲು ಅಂಥ ಚಂದವೇನಲ್ಲ. ಆದರೆ ಬಿಸಿಗಾಳಿಗೆ ಮೊದಲೇ ತುಂಬಿಕೊಂಡು ಎಲ್ಲವೂ ಒಂದೇ ಸಮ. ಕೇಂದ್ರದ ಮುಖ್ಯಸ್ಥರಾದ ದೊಡ್ಡ ಸಾಹೇಬರದ್ದು ಹನ್ನೆರಡನೆಯ ಸಾಲು. ದಪ್ಪ ದಪ್ಪ ಕಾಳು, ಜೊತೆಗೆ ಮೂರರಲ್ಲೊಂದು ಜೊಳ್ಳು. ಎಕರೆ ಇಳುವರಿಯಲ್ಲಿ ಎರಡೂ ಅಕ್ಕಪಕ್ಕ. ಹಾಗಾಗಿ ಗೆಲ್ಲಿಸುವುದೂ ಸೋಲಿಸುವುದೂ ನಮ್ಮ ಮೇಜಿನ ಕೆಲಸವಾಯಿತು. ಮೂರು ವರ್ಷ ನನ್ನ ಪುಸ್ತಕದಲ್ಲಿ ಹನ್ನೆರಡಕ್ಕೆ ನಲವತ್ತಾರು ಗ್ರಾಂ, ನಲವತ್ತೇಳಕ್ಕೆ ನಲವತ್ತೊಂದು.

ನಾಲ್ಕನೆಯ ವರ್ಷ ಚಿಕ್ಕ ಮೇಡಂ ಎಲ್ಲೆಲ್ಲೋ ಅರ್ಜಿ ಹಾಕಿ ಕಾಳು ಎಣಿಸುವ ಯಂತ್ರ ತರಿಸಿದರು. ಮಿಕ್ಸಿಯಷ್ಟೇ ದೊಡ್ಡದು, ಗುರ್ ಗುರ್ ಎನ್ನುತ್ತಿತ್ತು. ಅದರಲ್ಲಿ ಎಣಿಸಿದರೆ ನಲವತ್ತೇಳು ಅಲ್ಲೇ ನಿಂತಿತು. ಹನ್ನೆರಡು ಮೂವತ್ತೆಂಟಕ್ಕೆ ಇಳಿಯಿತು. ದೊಡ್ಡ ಸಾಹೇಬರು ಕೆಂಡವಾದರು. ಮೂವತ್ತೆರಡು ವರ್ಷದ ಕೈಯನ್ನು ನಂಬಬೇಕೋ ಮೂರು ತಿಂಗಳ ಯಂತ್ರವನ್ನೋ ಎಂದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ತನ್ನ ತಳಿ ಗೆಲ್ಲಲಿ ಎಂದು ಮೇಡಂ ಹನ್ನೆರಡರ ಚೀಲಕ್ಕೆ ಜೊಳ್ಳು ಬೆರೆಸಿದ್ದಾರೆ ಎಂಬ ಮಾತು ಹುಟ್ಟಿತು. ಹೊರಗಿನಿಂದ ಇಬ್ಬರನ್ನು ಕರೆಸಿ ವಿಚಾರಣೆ ಎಂದರು. ಬೆರೆಸಿದ್ದು ಹೌದಾದರೆ ಮೇಡಂ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ, ಇನ್ನಾವ ಕೇಂದ್ರವೂ ಅವರನ್ನು ಬಾಗಿಲೊಳಗೆ ಬಿಡುವುದಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ನಮ್ಮ ಕೋಣೆಗೆ ಬಂದರು. ಯಾರೂ ಮುಟ್ಟದ, ಮೊಹರು ಮಾಡಿದ ಹನ್ನೆರಡರ ಚೀಲ ಒಡೆದು ಒಂದು ತಟ್ಟೆ ಸುರಿದರು. ಅಣ್ಣ ಅಂಗಿಯ ತೋಳು ಮಡಿಸಿ ಕೂತರು. ಎಂದಿನ ಹಾಗೆಯೇ ಎಣಿಸಿದರು, ಒಂದಿಷ್ಟೂ ಬೇರೆ ಮಾಡಲಿಲ್ಲ. ನೋಡುವವರ ಕಣ್ಣೆಲ್ಲ ಬಲಗೈ ಮೇಲಿತ್ತು. ನಾನು ಕಿರುಬೆರಳು ನೋಡುತ್ತಿದ್ದೆ. ಬೆಳಿಗ್ಗೆಯಷ್ಟೇ ಖಾಲಿ ಮಾಡಿದ್ದ ಡಬ್ಬಿಗೆ ಜೊಳ್ಳು ಟಿಕ್ ಟಿಕ್ ಎಂದು ಬೀಳುತ್ತಲೇ ಇತ್ತು.

ಹತ್ತನೆಯ ಗುಂಪಿನ ಕೊನೆಯ ಕಾಳುಗಳ ಹೊತ್ತಿಗೆ ಚಿಕ್ಕ ಮೇಡಂ ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಆ ಡಬ್ಬಿಯಲ್ಲಿ ಏನಿದೆ?"

ಎಣಿಸುವಾಗ ತಮ್ಮನ್ನೇ ಕರೆದು ಮಾತಾಡಿಸದಿದ್ದರೆ ಅಣ್ಣನಿಗೆ ಕಿವಿ ಕೇಳುವುದಿಲ್ಲ. ಉತ್ತರ ಕೊಟ್ಟದ್ದು ನಾನು. "ಕಸ ಮೇಡಂ. ಕಲ್ಲು, ಹೊಟ್ಟು." ಹೇಳಿ ಸುಮ್ಮನಿದ್ದರೂ ಆಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಎದ್ದು ಡಬ್ಬಿಯನ್ನು ಸೆರಗಿನ ಮರೆಗೆ ಹಿಡಿದು ಹೊರಗೆ ನಡೆದೆ. ನಲ್ಲಿಯ ಕಟ್ಟೆಯ ಹಿಂದೆ ಇಟ್ಟು ಬಂದೆ. ಎಲ್ಲಿ ಸಿಕ್ಕಿಬೀಳುತ್ತೇವೋ ಎಂಬ ಹೆದರಿಕೆ ಇತ್ತು. ನಾನು ಇನ್ನೂ ಕಾಯಂ ಆಗಿರಲಿಲ್ಲ, ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದೆ. ಆದರೆ ಹೆದರಿಕೆ ಒಂದೇ ಅಲ್ಲ. ಚುಕ್ಕಿ ಆದ ಮೇಲಿನ ಅಂಕಿ ಕೇಳಿದವರಿಗೆ ಈಗ ತಿಳಿಯಲಿ ಎಂಬ ಸಂತೋಷವೂ ಇತ್ತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ.

ತೂಗಿದೆ. ನಲವತ್ತಾರು ಚುಕ್ಕಿ ಎರಡು. ಚುಕ್ಕಿ ಆದ ಮೇಲಿನದ್ದನ್ನೂ ಬಿಡದೆ ಬರೆದೆ. ಚಿಕ್ಕ ಮೇಡಂಗೆ ಪೆನ್ನಿನ ಮುಚ್ಚಳ ಹಾಕಲು ಹೋಗಿ ಎರಡು ಸಲ ತಪ್ಪಿತು. ಸಾಹೇಬರು ಅಣ್ಣನ ಬೆನ್ನು ತಟ್ಟಿದರು. ಹೊರಗಿನಿಂದ ಬಂದವರು ನಾಳೆ ಬೆಳಿಗ್ಗೆ ವರದಿ ಬರೆದುಕೊಡುವುದಾಗಿ ಹೇಳಿ ಹೋದರು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅಣ್ಣ ಕೇಳಿದರು. "ಎಣಿಕೆ ಮಧ್ಯೆ ನೀನು ಯಾವತ್ತೂ ಎದ್ದವಳಲ್ಲ. ಇವತ್ತು ಯಾಕೆ ಎದ್ದೆ?"

ನನ್ನ ಬಾಯಲ್ಲಿ ತುತ್ತಿತ್ತು. ಅಗಿಯುತ್ತಲೇ ಇದ್ದೆ.

"ಕಸದ ಡಬ್ಬಿ ಎಲ್ಲಿ? ತಗೊಂಡು ಬಾ."

ತಂದುಕೊಟ್ಟೆ. ಅಷ್ಟು ಹೊತ್ತಿಗೆ ಅದನ್ನು ಚೆಲ್ಲಬಹುದಿತ್ತು, ಕೋಳಿಗಾದೀತು ಎಂದು ಚೆಲ್ಲಿರಲಿಲ್ಲ. ನನ್ನ ಜಿಪುಣತನದಿಂದ ಆದ ಒಂದೇ ಒಳ್ಳೆಯ ಕೆಲಸ ಅದು. ಅವರು ಊಟ ಬದಿಗೆ ಸರಿಸಿ ಡಬ್ಬಿಯನ್ನು ಕಪ್ಪು ಹಲಗೆಯ ಮೇಲೆ ಬೋರಲು ಹಾಕಿದರು. ಹೊಟ್ಟು ಊದಿ, ಕಲ್ಲು ಒಡಕು ತೆಗೆದು ಎಣಿಸಿದರು. ನಂಬದೆ ಮತ್ತೆ ಎಣಿಸಿದರು. ಈ ಸಲ ಐದೈದಲ್ಲ, ಒಂದೊಂದೇ.

"ನಾನೂರ ಎಂಬತ್ತೊಂದು" ಎಂದರು. "ಇಷ್ಟೊಂದಾ ತಂಗಿ?"

"ಮೊದಲು ಇಷ್ಟಿರಲಿಲ್ಲ ಅಣ್ಣ. ಬರ್ತಾ ಬರ್ತಾ ಹೆಚ್ಚಾಯ್ತು."

"ನೀನು ನೋಡ್ತಾನೇ ಇದ್ದೆ."

ಅದು ಪ್ರಶ್ನೆಯಲ್ಲ. ಹೇಳಬಾರದಿತ್ತಾ ಎಂದು ಒಂದು ಮಾತು ಬೈದಿದ್ದರೆ ನಾನೂ ಏನೋ ಒಂದು ಹೇಳಿ ಜಗಳವಾಡಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಮೂವತ್ತೆರಡು ವರ್ಷ" ಎಂದರು. ಆಮೇಲೆ, "ಎಷ್ಟು ತಳಿ ಹೀಗೆ ಹೋದವೋ. ಪಾಪ, ಆ ಹುಡುಗಿ ಮುಖ ನೋಡಿದ್ಯಾ? ನಾಳೆ ಬೆಳಿಗ್ಗೆ ಹೋಗಿ ಹೇಳೋಣ."

ಹೇಳೋಣ ಎಂದರು. ಹೇಳುತ್ತೇನೆ ಎನ್ನಲಿಲ್ಲ.

ಮರುದಿನ ದೊಡ್ಡ ಸಾಹೇಬರ ಕೋಣೆಯಲ್ಲಿ ಎಲ್ಲರೂ ಇದ್ದರು. ಚಿಕ್ಕ ಮೇಡಂ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅಣ್ಣ ಕುಂಟುತ್ತ ಹೋಗಿ ಮೇಜಿನ ಮೇಲೆ ಡಬ್ಬಿ ಇಟ್ಟರು. ನಾನು ಅವರ ಬೆನ್ನ ಹಿಂದೆ ನಿಂತೆ.

"ಸಾರ್, ಯಂತ್ರ ಸರಿಯಾಗಿದೆ. ತಪ್ಪು ನನ್ನ ಕೈದು. ಜೊಳ್ಳು ತೆಗೆದು ಎಣಿಸೋದು ಅಭ್ಯಾಸ ಆಗಿಬಿಟ್ಟಿದೆ. ಇಷ್ಟು ತೆಗೀತೀನಿ ಅಂತ ನಂಗೇ ಗೊತ್ತಿರಲಿಲ್ಲ. ಮೇಡಂ ಏನೂ ಬೆರೆಸಿಲ್ಲ."

ಹೊರಗಿನವರಲ್ಲಿ ಹಿರಿಯರಾದವರು ಡಬ್ಬಿಯೊಳಗೆ ಬೆರಳಾಡಿಸಿ ಕಾಳು ನೋಡಿದರು. ಒಳ್ಳೆಯ ಮನುಷ್ಯರೇ. ಆಗಲಿ, ಬೇಕೆಂದು ಮಾಡಿದ್ದಲ್ಲವಲ್ಲ, ಎಂದು ಹೇಳುವ ಹಾಗಿತ್ತು ಅವರ ಮುಖ. ಅಷ್ಟರಲ್ಲಿ ಅವರಿಗೆ ಏನೋ ನೆನಪಾಯಿತು.

"ಹಾಗಾದ್ರೆ ನಿನ್ನೆ ಮೇಡಂ ಕೇಳಿದ ತಕ್ಷಣ ಈ ಡಬ್ಬಿ ಹೊರಗೆ ಹೋಯ್ತಲ್ಲ, ಅದು ಯಾಕೆ? ಗೊತ್ತಿಲ್ಲದವರು ಬಚ್ಚಿಡಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ನಾನು ನಿಂತಿದ್ದ ನೆಲ ಗಟ್ಟಿಯಾಗಿಯೇ ಇತ್ತು. ನಾನೇ, ನನ್ನ ಬುದ್ಧಿಯಿಂದಲೇ, ಎಂದರೆ ಮುಗಿಯುತ್ತಿತ್ತು. ಅಣ್ಣ ಒಮ್ಮೆ ತಿರುಗಿ ನನ್ನ ಮುಖ ನೋಡಿದರು.

"ನಾನೇ ಕಣ್ಸನ್ನೆ ಮಾಡಿದ್ದೆ ಸಾರ್, ತಗೊಂಡು ಹೋಗು ಅಂತ. ಅವಳ ಕಣ್ಣು ಯಾವಾಗ್ಲೂ ತಕ್ಕಡಿ ಮೇಲೆ. ಅದ್ರಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿಲ್ಲ."

"ಅಂದ್ರೆ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಹೌದೇನಮ್ಮ?" ಎಂದು ಹಿರಿಯರು ನನ್ನನ್ನು ಕೇಳಿದರು.

ನಾನು ತಲೆಯಾಡಿಸಿದೆ.

ಒಂದು ನಿಮಿಷದ ಹಿಂದೆ ಅಣ್ಣ ಕೈತಪ್ಪಿದ ಮುದುಕರು. ನನ್ನ ತಲೆ ಆಡಿದ ಮೇಲೆ ಅವರು ಮೋಸಗಾರರು. ಬೇಕೆಂದೇ ಮಾಡಿದ್ದು ಎಂದು ಕಡತದಲ್ಲಿ ಬರೆದರು. ನಿವೃತ್ತಿಗೆ ಒಂದು ವರ್ಷ ನಾಲ್ಕು ತಿಂಗಳಿತ್ತು, ಆ ವಾರವೇ ಮನೆಗೆ ಕಳಿಸಿದರು. ಬೀಳ್ಕೊಡುಗೆ ಇಲ್ಲ, ಒಂದು ಲೋಟ ಟೀ ಕೂಡ ಇಲ್ಲ. ಅವರು ಎಣಿಸಿದ ಅಷ್ಟೂ ವರ್ಷದ ಪುಸ್ತಕಗಳ ಮೇಲೆ 'ನಂಬುವಂತಿಲ್ಲ' ಎಂಬ ಮೊಹರು ಬಿತ್ತು. ಪುಸ್ತಕಗಳನ್ನು ಒಂದೊಂದಾಗಿ ಎತ್ತಿಕೊಟ್ಟವಳು ನಾನು. ಗೇಟಿನವನು ಕೂಡ, "ಆ ಕಳ್ಳಲೆಕ್ಕದವನಾ?" ಎಂದು ಮೂಗು ಮುರಿದ. ಅವನ ನಡಿಗೆಯನ್ನು ಬಿಟ್ಟು ಬೇರೇನನ್ನೂ ಆಡಿಕೊಳ್ಳದವರ ಬಗ್ಗೆ.

ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದೆ. ಹೋಗದಿರಲು ದಿನಕ್ಕೊಂದು ನೆಪ ಹುಡುಕಿ, ನೆಪಗಳು ಮುಗಿದ ಮೇಲೆ ಹೋದೆ. ಅಣ್ಣ ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗ ಬಿಗಿಯುತ್ತಿದ್ದರು. ಅತ್ತಿಗೆ ಒಳಗೆ ಕರೆದು ಕೂರಿಸಿ ಟೀ ಕೊಟ್ಟರು. ಕಿಟಕಿ ಮುಚ್ಚಿ ಬಂದು ಸಣ್ಣ ದನಿಯಲ್ಲಿ ಹೇಳಿದರು. "ನಲವತ್ತು ವರ್ಷ ಜೊತೆಗೆ ಬಾಳಿದೀನಿ. ಇವರು ಮೋಸ ಮಾಡೋ ಜನ ಅಂತ ನಂಗೆ ಒಂದು ದಿನಾನೂ ಅನ್ನಿಸಲಿಲ್ಲ ನೋಡು. ಬೀದಿ ನಲ್ಲಿಗೆ ಹೋಗೋಕೂ ನಾಚಿಕೆ ಆಗುತ್ತೆ. ನಿನ್ನನ್ನೂ ಸಿಕ್ಕಿಸ್ತಿದ್ರಲ್ಲಮ್ಮ, ಪುಣ್ಯಕ್ಕೆ ಪಾರಾದೆ."

ಅಂದರೆ ಹೆಂಡತಿಗೂ ಅವರು ನಿಜ ಹೇಳಿರಲಿಲ್ಲ. ಹೆಂಗಸರ ಬಾಯಿಂದ ನಲ್ಲಿಕಟ್ಟೆಗೆ, ಅಲ್ಲಿಂದ ಕೇಂದ್ರಕ್ಕೆ ಸುದ್ದಿ ಬಂದೀತೆಂದು ಇರಬೇಕು. ಅತ್ತಿಗೆ, ಹಾಗಲ್ಲ, ಎಂಬಷ್ಟು ಬಾಯಿಗೆ ಬಂದಿತ್ತು. ಟೀ ಕುಡಿದೆ. ಸಕ್ಕರೆ ಸಾಕಾ ಎಂದರು. ಸಾಕು ಎಂದೆ.

ಹೊರಡುವಾಗ ಅಣ್ಣ ಹಿತ್ತಲ ಬಾಗಿಲವರೆಗೆ ಬಂದರು. "ಅಣ್ಣ, ನಾನು ಹೋಗಿ ಹೇಳಿಬಿಡ್ತೀನಿ" ಎಂದೆ. ಹೇಳುವಾಗಲೇ ಬೇಡ ಎನ್ನಲಿ ಎಂದು ಕಾಯುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

"ನಿನ್ನ ಮಕ್ಕಳು ಇನ್ನೂ ಓದ್ತಿವೆ. ನಂದು ಹೇಗಿದ್ರೂ ಮುಗೀತಾ ಬಂದಿತ್ತು. ಬಿಡು. ನಲವತ್ತೇಳನ್ನ ಮತ್ತೆ ಬಿತ್ತಿದ್ರಾ?"

"ಬಿತ್ತಿದಾರೆ."

"ಹಾಗಾದ್ರೆ ಸರಿ" ಎಂದು ಹಗ್ಗದ ಕಡೆಗೆ ಹೋದರು.

ಮುಂದಿನ ಸುಗ್ಗಿಯಲ್ಲಿ ನಲವತ್ತೇಳು ಗೆದ್ದಿತು. ಹನ್ನೆರಡನ್ನು ಕೈಬಿಟ್ಟರು. ನನ್ನನ್ನು ಕಾಯಂ ಮಾಡಿ ಯಂತ್ರದ ಕೋಣೆಗೆ ಹಾಕಿದರು. ಅಲ್ಲಿ ಒಂದು ದಿನ ಚಿಕ್ಕ ಮೇಡಂ ಬಂದು ನನ್ನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. ಯಂತ್ರ ನಿಲ್ಲಿಸಿ ಎಂದು ಕೈಸನ್ನೆ ಮಾಡಿದರು. ಕೊನೆಗೂ ಗೊತ್ತಾಯಿತು ಎಂದುಕೊಂಡೆ. ಹೆದರಿಕೆಗಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ಸಮಾಧಾನವೇ ಆಯಿತು.

"ಅಕ್ಕ, ನಿಮಗೊಂದು ಮಾತು ಹೇಳ್ಬೇಕು. ತುಂಬಾ ದಿನದಿಂದ ಮನಸ್ಸಲ್ಲಿ ಕೊರೀತಿದೆ" ಎಂದರು. "ಆವತ್ತು ನೀವು ಡಬ್ಬಿ ಎತ್ಕೊಂಡು ಹೋದಾಗ, ಇವರೂ ಸೇರಿದಾರೆ ಅಂತ ನಾನು ಅಂದ್ಕೊಂಡ್ಬಿಟ್ಟಿದ್ದೆ. ಏನೂ ಅರಿಯದವರ ಮೇಲೆ ಸುಮ್ಮನೆ ಅನುಮಾನ ಪಟ್ಟೆ. ನನ್ನ ಮೇಲೆ ಅನುಮಾನ ಬಂದಾಗ ಎಷ್ಟು ನೋವಾಯ್ತು ಅಂತ ಗೊತ್ತಿದ್ದೂ ನಾನು ಅದನ್ನೇ ಮಾಡ್ದೆ. ನನ್ನನ್ನ ಕ್ಷಮಿಸ್ತೀರಾ?"

"ಅಯ್ಯೋ, ಪರವಾಗಿಲ್ಲ ಬಿಡಿ ಮೇಡಂ" ಎಂದೆ ನಾನು.